ಅಪ್ಪನ ಹೊಟ್ಟೆ ಉಜ್ಜಿದವರು

ನಮ್ಮ ಕಡೆ ಗಂಡಸಿಗೆ ಹೊಟ್ಟೆ ಬಂದರೆ ಅದನ್ನು ಯಾರೂ ರೋಗ ಅನ್ನುವುದಿಲ್ಲ, ಯೋಗ ಅನ್ನುತ್ತಾರೆ. ಅರವತ್ತು ದಾಟಿದ ನಮ್ಮಪ್ಪನಿಗೆ ಹೊಟ್ಟೆ ಮುಂದೆ ಬರತೊಡಗಿದಾಗ ಬೀದಿಗೆ ಬೀದಿಯೇ ಸಂತೋಷಪಟ್ಟಿತು. ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತ ಹೆಂಗಸರು "ಮಗಳ ಕೈಯೂಟ ಮೈಗೆ ಹತ್ತೈತೆ ಕಣಮ್ಮ" ಎಂದು ನನ್ನನ್ನೇ ಹೊಗಳಿದರು. ಆ ಹೊಗಳಿಕೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಒಳಗೆ ಮನುಷ್ಯ ಕರಗುತ್ತಿದ್ದ, ಹೊರಗೆ ಜನ ದೃಷ್ಟಿ ತೆಗೆಯಿರಿ ಅನ್ನುತ್ತಿದ್ದರು.

ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾಗಿ ಇನ್ನೂ ಒಂದೆರಡು ವರ್ಷವಾಗಿದ್ದ ಕಾಲ. ಅಪ್ಪ ಮೈಸೂರಿನ ಹಳೆಯ ಕೇರಿಯೊಂದರಲ್ಲಿ ಗರಡಿಯ ಉಸ್ತಾದ. ಹಳ್ಳಿಯಲ್ಲಿ ಉಳುವುದು ಬಿತ್ತುವುದು ಬಿಟ್ಟು, ಕುಸ್ತಿಯ ಹುಚ್ಚು ಹಿಡಿದು ಊರಿಗೆ ಬಂದವನು. ಪ್ರಾಯದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಓಡಿಯೇ ಹತ್ತುತ್ತಿದ್ದನಂತೆ. ವಯಸ್ಸಾದ ಮೇಲೆ ತಾನು ಕುಸ್ತಿ ಬಿಟ್ಟು ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದ. ನಮ್ಮಣ್ಣ ಸೌದೆ ಡಿಪೋ ಇಟ್ಟುಕೊಂಡು ಬೇರೆ ಮನೆ ಮಾಡಿದ್ದ. ನಾನು ಗಂಡ ಸತ್ತ ಮೇಲೆ ತವರಿಗೆ ವಾಪಸು ಬಂದು, ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳಿಕೊಂಡು ಅಪ್ಪನ ಜೊತೆ ಇದ್ದೆ.

ಮೊದಲು ನನಗೆ ಅನುಮಾನ ಬಂದದ್ದು ಅವನ ಉಡಿದಾರದಿಂದ. ಒಂದು ಭಾನುವಾರ ಬೆನ್ನಿಗೆ ನೀರು ಹಾಕುವಾಗ ನೋಡುತ್ತೇನೆ, ಉಡಿದಾರ ಹೊಟ್ಟೆಯೊಳಕ್ಕೆ ಕಚ್ಚಿಕೊಂಡು ಕೆಂಪಗೆ ಬರೆ ಎಳೆದಿದೆ. ಕತ್ತರಿಸಿ ಉದ್ದದ್ದು ಕಟ್ಟಿದೆ. ಯುಗಾದಿಗೆ ಕಟ್ಟಿದ್ದು ಗೌರಿಹಬ್ಬಕ್ಕೆ ಮತ್ತೆ ಬಿಗಿಯಾಯಿತು. ಹೊಟ್ಟೆ ಹೀಗೆ ಗುಡಾಣವಾಗುತ್ತಿದ್ದರೆ ತೋಳು ಮಾತ್ರ ಸೊರಗುತ್ತಿತ್ತು. ಕೊಬ್ಬಿದ್ದರೆ ಎಲ್ಲ ಕಡೆ ಬರಬೇಕಲ್ಲ! ಅವನ ತೋಳಿಗೆ ಕಟ್ಟಿದ್ದ ತಾಯಿತ ಮೊಣಕೈವರೆಗೆ ಜಾರುತ್ತಿತ್ತು. ಊಟಕ್ಕೆ ಕೂತರೆ ಒಂದು ಮುದ್ದೆ ಮುರಿದು ಅರ್ಧಕ್ಕೆ ಸಾಕು ಅನ್ನುತ್ತಿದ್ದ. ಮೂರು ಮುದ್ದೆ ಉಣ್ಣುತ್ತಿದ್ದ ಮನುಷ್ಯ!

ನಮ್ಮ ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕುರ್ಚಿಯಿಂದ ಏಳಲಿಲ್ಲ. ಅಪ್ಪನನ್ನು ನಿಲ್ಲಿಸಿಯೇ, ಅಂಗಿಯ ಮೇಲಿನಿಂದಲೇ ಎರಡು ಬೆರಳಲ್ಲಿ ಟಕಟಕ ಬಡಿದು "ವಾಯು ಕಣಮ್ಮ" ಅಂದರು. ಕಾಂಪೌಂಡರ್ ಕಾಗದದ ಪಟ್ಟಿ ಅಂಟಿಸಿದ ಸೀಸೆಯಲ್ಲಿ ಓಮದ ವಾಸನೆಯ ಔಷಧ ಕೊಟ್ಟ. ಸೀಸೆ ಮುಗಿಯಿತು, ವಾಯು ಹೋಗಲಿಲ್ಲ. ಮತ್ತೆ ಹೋದೆವು. "ಅವರೆಕಾಳು ನಿಲ್ಲಿಸಿ" ಅಂದರು. ನಿಲ್ಲಿಸಿದೆವು. ಮತ್ತೆ ಹೋದೆವು. "ನಿಮ್ಮ ತಂದೆಗಿಂತ ನಿಮಗೇ ಗಾಬರಿ ಜಾಸ್ತಿ" ಎಂದು ನನ್ನ ಕಡೆ ನೋಡಿ ನಕ್ಕರು. ಆ ನಗುವಿಗೆ ಅವತ್ತೇ ಒಂದು ಕೊಡಬೇಕಿತ್ತು. ಹಲ್ಲು ಕಚ್ಚಿಕೊಂಡು ಬಂದೆ.

ಡಾಕ್ಟರು ವಾಯು ಅಂದದ್ದನ್ನು ಗರಡಿಯವರು ಒಪ್ಪಲಿಲ್ಲ. ಅವರ ಪ್ರಕಾರ ಅದು ಬಟ್ಟಿ. ಹೊಕ್ಕುಳಿನ ಕೆಳಗೆ ಒಂದು ನಾಡಿ ಮಿಡಿಯುತ್ತದಲ್ಲ, ಅದು ಬಟ್ಟಿ. ಭಾರ ಎತ್ತಿದರೆ, ಎಡವಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಆಗ ಹೊಟ್ಟೆನೋವು, ಉಬ್ಬರ, ಹಸಿವಿಲ್ಲದಿರುವುದು ಎಲ್ಲ ಶುರುವಾಗುತ್ತದೆ ಎಂದು ನಂಬಿಕೆ. ಹರಳೆಣ್ಣೆ ಹಚ್ಚಿ ಉಜ್ಜಿ ಉಜ್ಜಿ ಅದನ್ನು ಜಾಗಕ್ಕೆ ತರುತ್ತಾರೆ. ಅದಕ್ಕೆ ಬಟ್ಟಿ ಎತ್ತುವುದು ಅನ್ನುತ್ತಾರೆ. ಇದರಲ್ಲಿ ನಮ್ಮಪ್ಪನದು ದೊಡ್ಡ ಕೈ. ಆಗಿನ್ನೂ ಹೊಲಗದ್ದೆಯಾಗಿದ್ದ ದಟ್ಟಗಳ್ಳಿ ಕಡೆಯಿಂದ ಜನ ಎತ್ತಿನ ಗಾಡಿ ಕಟ್ಟಿಕೊಂಡು ಅವನ ಹತ್ತಿರ ಬರುತ್ತಿದ್ದರು. ಅವನು ಒಬ್ಬರ ಹತ್ತಿರವೂ ಕಾಸು ಮುಟ್ಟುತ್ತಿರಲಿಲ್ಲ, ಆಂಜನೇಯನಿಗೆ ಒಂದು ತೆಂಗಿನಕಾಯಿ ಒಡೆಸುತ್ತಿದ್ದ ಅಷ್ಟೆ.

ಈಗ ಉಸ್ತಾದರಿಗೇ ಬಟ್ಟಿ ಸರಿದಿದೆ ಎಂದು ಶಿಷ್ಯರು ತೀರ್ಮಾನ ಮಾಡಿದರು. ಅವರಲ್ಲಿ ಹಿರಿಯ ಶಿಷ್ಯನೊಬ್ಬನಿದ್ದ, ನನಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವನು. ಅಪ್ಪನ ಕೈಯಿಂದಲೇ ಈ ವಿದ್ಯೆ ಕಲಿತವನು, ಅಪ್ಪನ ಮೇಲೆ ಪ್ರಾಣ ಇಟ್ಟವನು. ಅದೇ ಪ್ರಾಣದಿಂದ ವಾರವಾರ ಅಪ್ಪನನ್ನು ಗರಡಿಯಲ್ಲಿ ಅಂಗಾತ ಮಲಗಿಸಿ, ಎರಡು ಹೆಬ್ಬೆಟ್ಟನ್ನೂ ಊರಿ ಹೊಟ್ಟೆಯನ್ನು ಕಲಸುತ್ತಿದ್ದ. ಅಪ್ಪ ಮನೆಗೆ ಬಂದು ಮೂಲೆಯಲ್ಲಿ ಮುದುರಿಕೊಳ್ಳುತ್ತಿದ್ದ. ಮುಟ್ಟಿದರೆ ಕೈ ತಳ್ಳುತ್ತಿದ್ದ. "ಬಟ್ಟಿ ಜಿಗುಟಾಗೈತೆ, ಬುಡು ಮಗಾ, ಇನ್ನೊಂದೆರಡು ಕಿತ ಎತ್ತುದ್ರೆ ಸರಿಹೋಯ್ತದೆ" ಅನ್ನುತ್ತಿದ್ದ.

ಒಂದು ಶನಿವಾರ ಬೆಳಗ್ಗಿನ ಸ್ಕೂಲು ಮುಗಿಸಿ ಬರುತ್ತಿದ್ದೆ. ಗರಡಿಯ ಮುಂದೆ ಬಂದಾಗ ಒಳಗಿನಿಂದ ಅಪ್ಪನ ದನಿ ಕೇಳಿಸಿತು. ಅದು ಕೂಗಲ್ಲ, ಕಚ್ಚಿ ಹಿಡಿದ ನರಳಾಟ. ಅಷ್ಟು ವರ್ಷ ಆ ಬೀದಿಯಲ್ಲಿ ಓಡಾಡಿದರೂ ನಾನು ಗರಡಿಯ ಹೊಸಿಲು ದಾಟಿದವಳಲ್ಲ. ಹೆಂಗಸರು ಅಲ್ಲಿಗೆ ಕಾಲಿಡುವಂತಿಲ್ಲ. ಆ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿ ದೇವರ ಹಾಗೆ ನೋಡಿಕೊಳ್ಳುತ್ತಾರೆ, ಹೆಣ್ಣು ತುಳಿದರೆ ಮೈಲಿಗೆ. ಆ ದಿನ ಅದು ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಬಗ್ಗಿಕೊಂಡು ಆ ಸಣ್ಣ ಬಾಗಿಲಲ್ಲಿ ನುಗ್ಗಿದೆ.

ಅಪ್ಪ ಮಣ್ಣಿನ ಮೇಲೆ ಮಲಗಿದ್ದ. ಹೊಕ್ಕುಳ ಮೇಲೆ ಹಿತ್ತಾಳೆ ಚೊಂಬು ಬೋರಲಾಗಿ ಕೂತಿತ್ತು. ಒಳಗೆ ಬತ್ತಿ ಹಚ್ಚಿ ಕವುಚಿದರೆ ಉರಿ ಆರಿ ಚೊಂಬು ಚರ್ಮವನ್ನು ಹೀರಿಕೊಂಡು ಹಿಡಿಯುತ್ತದೆ. ಬಟ್ಟಿ ಮೇಲಕ್ಕೆ ಬರಲಿ ಎಂದು ಹಾಗೆ ಮಾಡುವುದು. ಆ ಚೊಂಬನ್ನು ಹಿರಿಯ ಶಿಷ್ಯ ಎರಡು ಕೈಯಲ್ಲಿ ಹಿಡಿದು ಜಗ್ಗುತ್ತಿದ್ದ. ಅಪ್ಪನ ಕಣ್ಣ ಕೊನೆಯಿಂದ ನೀರು ಕಿವಿಗೆ ಇಳಿಯುತ್ತಿತ್ತು.

"ತೆಗೀರೋ ಕೈಯ! ಕೊಂದ್ಹಾಕ್ತೀರೇನ್ರೋ ನಮ್ಮಪ್ಪನ್ನ!" ಎಂದು ಕಿರುಚಿದೆ.

ಒಬ್ಬನಾದರೂ ಹೊಟ್ಟೆ ಕಡೆ ನೋಡಲಿಲ್ಲ. ಎಲ್ಲರೂ ನನ್ನ ಕಾಲು ನೋಡಿದರು. ಹಿರಿಯ ಶಿಷ್ಯ ಹೌಹಾರಿ, "ಅಕ್ಕೋ, ಮಣ್ಣು, ಮಣ್ಣು! ಆಚೀಕ್ ನಡೀರಕ್ಕ" ಅಂದ. ನಾನು ಚೊಂಬಿನ ಅಂಚಿಗೆ ಬೆರಳು ತೂರಿಸಿ ಅದನ್ನು ಕಿತ್ತೆ. ಕೆಳಗೆ ಹೊಟ್ಟೆ ನೀಲಿಗಟ್ಟಿತ್ತು. ಅಪ್ಪನಿಗೆ ಹೆಗಲು ಕೊಟ್ಟು ಎಬ್ಬಿಸಿಕೊಂಡು ಬಂದೆ. ಅವತ್ತು ಮಧ್ಯಾಹ್ನವೇ ಅವರು ಗಂಜಲ ಚಿಮುಕಿಸಿ, ಮೇಲಿನ ಮಣ್ಣು ಬಾಚಿ ಎಸೆದು, ಆಂಜನೇಯನಿಗೆ ತಪ್ಪುಕಾಣಿಕೆ ಕಟ್ಟಿದರು. ಮಣ್ಣಿಗೆ ಇಷ್ಟು ಉಪಚಾರ!

ಅಣ್ಣನನ್ನು ಡಿಪೋದಿಂದ ಎಳೆದುಕೊಂಡು ಬಂದು ಜಟಕಾ ತರಿಸಿ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ; ಎಲ್ಲ ಕಡೆಯೂ ಇಂಥವರಿದ್ದರು. ವಾರ್ಡಿನ ಡಾಕ್ಟರು ಅಪ್ಪನ ಮೀಸೆ, ಚಪ್ಪಟೆಯಾದ ಪೈಲ್ವಾನನ ಕಿವಿ, ಆಮೇಲೆ ಹೊಟ್ಟೆ ನೋಡಿ, "ಎಷ್ಟು ವರ್ಷದಿಂದ ಕುಡೀತಾರೆ?" ಅಂದರು. ಜಲೋದರವಂತೆ. ಹೊಟ್ಟೆಯಲ್ಲಿ ನೀರು ತುಂಬುವುದು, ಹೆಂಡ ಕುಡಿದು ಲಿವರು ಕೆಟ್ಟವರಿಗೆ ಬರುವುದು.

ಅಪ್ಪ ಹೆಂಡದ ಅಂಗಡಿಯ ನೆರಳನ್ನೂ ದಾಟಿ ಹೋಗುವವನು. ಆಂಜನೇಯನ ಮುಂದೆ ಭಾಷೆ ಕೊಟ್ಟು, ಶಿಷ್ಯರಿಂದಲೂ ಭಾಷೆ ತೆಗೆದುಕೊಂಡವನು. "ನಾನು ಮುಟ್ಟಿಲ್ಲ ಸ್ವಾಮಿ" ಎಂದು ಕೈ ಮುಗಿದ. ಡಾಕ್ಟರು ನರ್ಸಮ್ಮನ ಕಡೆ ತಿರುಗಿ "ಎಲ್ಲರೂ ಹೀಗೇ ಹೇಳೋದು" ಅಂದರು. ಅಪ್ಪನ ಮುಖ ಅವತ್ತು ಸಣ್ಣಗಾದದ್ದನ್ನು ನಾನು ನೋಡಿದೆ. ಎಷ್ಟೋ ಜನರ ಕೈಯಲ್ಲಿ ನೆಲಕ್ಕೆ ಬಿದ್ದಾಗಲೂ ಅವನ ಮುಖ ಹಾಗೆ ಆಗಿರಲಿಕ್ಕಿಲ್ಲ. ನಾನು ಜಗಳಕ್ಕೆ ನಿಂತೆ. ಅಣ್ಣ ರಟ್ಟೆ ಹಿಡಿದು, "ಸುಮ್ನಿರಮ್ಮಿ, ಡಾಕ್ಟ್ರಿಗೆ ಎದುರುತ್ತರ ಕೊಡ್ಬಾರ್ದು" ಎಂದು ಪಕ್ಕಕ್ಕೆ ಎಳೆದ.

ನೀರು ತೆಗೆಯುತ್ತೇವೆಂದು ಹೊಟ್ಟೆಗೆ ದಪ್ಪ ಸೂಜಿ ಚುಚ್ಚಿದರು. ಕೆಳಗೆ ಬಕೆಟ್ ಇಟ್ಟುಕೊಂಡು ಕಾದರು. ಒಂದು ಹನಿ ನೀರು ಬರಲಿಲ್ಲ. ಇನ್ನೊಂದು ಕಡೆ ಚುಚ್ಚಿದರು. ಸೂಜಿಯ ತುದಿಯಲ್ಲಿ ಹಳದಿಯ ಲೋಳೆ ಸ್ವಲ್ಪ ಅಂಟಿಕೊಂಡು ಬಂತು, ಅಷ್ಟೆ. ಅದನ್ನು ಹತ್ತಿಯಿಂದ ಒರೆಸಿ ಎಸೆದರು! ಆ ಹತ್ತಿಯಲ್ಲೇ ಉತ್ತರ ಇತ್ತು ಎಂದು ಆಮೇಲೆ ನನಗೆ ತಿಳಿಯಿತು. ಆಗ ಡಾಕ್ಟರು ಹೇಳಿದ್ದು: "ಪೈಲ್ವಾನ್ರು ಹೊಟ್ಟೆ ಬಿಗಿ ಹಿಡಿದುಬಿಟ್ಟರು, ಅದಕ್ಕೇ ಬರಲಿಲ್ಲ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಾದೆ ಮಾಡಿದ್ದಾರೆ. ಪಾಪ, ಜಟ್ಟಿಗಳ ಹೆಸರು ಕೆಡಿಸಿದ್ದಾರೆ. ಬಿದ್ದರೆ ಬಿದ್ದೆ ಎಂದು ಒಪ್ಪಿಕೊಂಡು ಗೆದ್ದವನ ಬೆನ್ನು ತಟ್ಟುವುದನ್ನು ನಮ್ಮಪ್ಪ ಹುಡುಗರಿಗೆ ಮೊದಲ ಪಾಠವಾಗಿ ಹೇಳಿಕೊಡುತ್ತಿದ್ದ. ಡಾಕ್ಟರಿಗೆ ಆ ಪಾಠ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಕೊನೆಗೆ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಬಂದರು. ಅವರೊಬ್ಬರೇ ಅಪ್ಪನನ್ನು ಮಲಗಿಸಿ, ಅಂಗಿ ಎತ್ತಿಸಿ, ಕೈ ಬೆಚ್ಚಗೆ ಮಾಡಿಕೊಂಡು ನಿಧಾನವಾಗಿ ಮುಟ್ಟಿ ನೋಡಿದ್ದು. ಹೊರಳಿಸಿ ನೋಡಿದರು. "ಇದು ನೀರಲ್ಲ, ನೀರಾದರೆ ಹೊರಳಿದ ಕಡೆಗೆ ಸರೀಬೇಕು. ಬಿಚ್ಚಿ ನೋಡದೆ ಹೇಳೋಕಾಗಲ್ಲ" ಅಂದರು. ಗೊತ್ತಿಲ್ಲ ಎನ್ನುವ ಮಾತನ್ನು ಅಷ್ಟು ತಿಂಗಳಲ್ಲಿ ನಾನು ಮೊದಲ ಸಲ ಒಬ್ಬ ಗಂಡಸಿನ ಬಾಯಲ್ಲಿ ಕೇಳಿದೆ.

ಆಪರೇಷನ್ ಎಂದದ್ದೇ ತಡ, ಬೇಡವೆಂದು ಗರಡಿಯವರು ಗುಂಪು ಕಟ್ಟಿಕೊಂಡು ಆಸ್ಪತ್ರೆಯ ಮರದ ಕೆಳಗೆ ಕೂತರು. ಪೈಲ್ವಾನನ ಮೈಗೆ ಕಬ್ಬಿಣ ತಾಗಬಾರದಂತೆ. ಅಣ್ಣನೂ ಅವರ ಕಡೆಗೆ ಅರ್ಧ ವಾಲಿದ್ದ. ಅಪ್ಪನೇ ಮುಗಿಸಿದ: "ಬಟ್ಟೀನೋ ಇನ್ನೊಂದೋ, ಅದ್ಯಾವನು ಒಳಗೆ ಕುಂತವ್ನೆ ಅಂತ ನೋಡೇ ಬುಡ್ಲಿ."

ಹೊಟ್ಟೆ ತೆರೆದರೆ ಒಳಗೆ ಬೇಯಿಸಿದ ಸಬ್ಬಕ್ಕಿಯ ಹಾಗೆ ಲೋಳೆ ತುಂಬಿಕೊಂಡಿತ್ತಂತೆ. ಕರುಳಿನ ಸಂದಿಗೊಂದಿಯಲ್ಲೆಲ್ಲ ಅಂಟಿಕೊಂಡಿತ್ತಂತೆ. ಕೈಯಲ್ಲಿ ಬಾಚಿ ಬಾಚಿ ಬೇಸಿನ್ನಿಗೆ ಹಾಕಿದರಂತೆ. ದೊಡ್ಡ ಡಾಕ್ಟರು ಹೊರಗೆ ಬಂದು ಅಣ್ಣನನ್ನು ವರಾಂಡದ ತುದಿಗೆ ಕರೆದರು. ನಾನೂ ಹೋದೆ. ಅವರು ಅಣ್ಣನನ್ನೇ ನೋಡಿಕೊಂಡು ಮಾತಾಡಿದರು. ಇದೊಂದು ಜಾತಿಯ ಕ್ಯಾನ್ಸರು. ಕರುಳಿನ ಬಾಲ, ಅಪೆಂಡಿಕ್ಸ್ ಅನ್ನುತ್ತಾರಲ್ಲ, ಅದರ ತುದಿಯಲ್ಲಿ ಸಣ್ಣದಾಗಿ ಶುರುವಾಗಿ, ಒಡೆದು, ಬೀಜ ಚೆಲ್ಲಿದ ಹಾಗೆ ಹೊಟ್ಟೆಯಲ್ಲೆಲ್ಲ ಹರಡಿದೆ. ಆದಷ್ಟು ತೆಗೆದಿದ್ದೇವೆ, ಮತ್ತೆ ತುಂಬಿಕೊಳ್ಳುತ್ತದೆ. "ಬಹಳ ಅಪರೂಪದ್ದು. ಓದಿದ್ದೆ, ಕಣ್ಣಲ್ಲಿ ನೋಡಿರಲಿಲ್ಲ" ಅಂದರು. ಒಳ್ಳೆಯ ಮನುಷ್ಯ, ಆದರೆ ಹಾಗೆ ಹೇಳುವಾಗ ಅವರ ಕಣ್ಣು ಹೊಳೆಯಿತು. ನಾನು ಕೇಳಿದೆ, "ವಾರವಾರ ಹೊಟ್ಟೆ ಉಜ್ಜುತ್ತಿದ್ದರು. ಅದರಿಂದ ಒಡೆಯಿತೇ?" ಅವರು "ಹೇಳೋಕಾಗಲ್ಲಮ್ಮ" ಅಂದರು. ಆ ಪ್ರಶ್ನೆ ಅಲ್ಲೇ ನಿಂತಿತು, ಇವತ್ತಿಗೂ ಅಲ್ಲೇ ಇದೆ.

ಹೊರಡುವ ಮೊದಲು ಅವರು ಅಣ್ಣನ ಹೆಗಲು ಮುಟ್ಟಿ, "ಪೇಷೆಂಟಿಗೆ ತಿಳಿಸೋದು ಬೇಡ" ಅಂದರು. ಅಣ್ಣ ತಲೆಯಾಡಿಸಿ, ಅಪ್ಪನಿಗೆ ಬಟ್ಟಿಯನ್ನೇ ತೆಗೆದರು ಎಂದು ಹೇಳಿದ. ಗರಡಿಯವರಿಗೂ ಅವನೇ ಗುಟ್ಟಾಗಿ ಹೇಳಿದ. ಹೀಗೆ ಊರಿಗೆಲ್ಲ ಗೊತ್ತಾಗಿ, ಹೊಟ್ಟೆ ಯಾರದೋ ಅವನಿಗೊಬ್ಬನಿಗೆ ಗೊತ್ತಿಲ್ಲದ ಹಾಗಾಯಿತು.

ಆಮೇಲಿನ ವಾರವೆಲ್ಲ ಅಪ್ಪನ ಮಂಚದ ಸುತ್ತ ಕಲಿಯುವ ಹುಡುಗರು. ಹೊದಿಕೆ ತೆಗೆಯುವುದು, ಒತ್ತುವುದು, ಇಂಗ್ಲಿಷಿನಲ್ಲಿ ಏನೋ ಅನ್ನುವುದು, ಹೋಗುವುದು. ಹೊದಿಕೆಯನ್ನು ಮತ್ತೆ ಎಳೆದು ಹೊದಿಸಿದವನು ಒಬ್ಬನಿಲ್ಲ. ಅಪ್ಪ ಮಾತ್ರ ಅವರು ಬಂದಾಗ ಮೀಸೆ ಸವರಿಕೊಳ್ಳುತ್ತಿದ್ದ. "ನೋಡ್ದಾ ಮಗಾ, ಇಂಥ ಬಟ್ಟಿ ಇಡೀ ಮೈಸೂರ್ನಾಗೇ ಇಲ್ವಂತೆ. ಅಪರೂಪದ್ದಂತೆ" ಎಂದು ನಗುತ್ತಿದ್ದ. ನನಗೆ ಆ ಮಂಚವನ್ನೇ ಎತ್ತಿ ಯಾರ ತಲೆಯ ಮೇಲಾದರೂ ಹಾಕುವಷ್ಟು ಸಿಟ್ಟು ಬರುತ್ತಿತ್ತು.

ಒಂದು ಸಂಜೆ ಅಣ್ಣ, ಹಿರಿಯ ಶಿಷ್ಯ, ನಾನು ಮೂವರೂ ಇದ್ದೆವು. ಅಪ್ಪ ಹೊಟ್ಟೆಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಸೂರು ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ:

"ನಂಗೆ ಜೋಡಿ ಯಾರ್ ಜೊತೆ ಕಟ್ಟವ್ರೆ?"

ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ದಿನ ಅಂತ ಒಂದಿರುತ್ತದೆ. ಯಾರ ಮೇಲೆ ಯಾರು ಎಂದು ನಾಲ್ಕು ಜನರ ಮುಂದೆ ಪೈಲ್ವಾನರನ್ನು ಎದುರುಬದುರು ನಿಲ್ಲಿಸುತ್ತಾರೆ. ಒಬ್ಬರ ಮೈ ಇನ್ನೊಬ್ಬರು ಕಣ್ಣಲ್ಲಿ ಅಳೆದು ನೋಡಿ, ಕೈ ಕೊಟ್ಟು ಒಪ್ಪಿಕೊಳ್ಳುತ್ತಾರೆ. ಬೇಡ ಅನ್ನುವವನು ಅಲ್ಲೇ ಬೇಡ ಅನ್ನಬಹುದು.

"ಏನಿಲ್ಲ ಬುಡಪ್ಪ, ಬಟ್ಟಿ ತೆಗುದ್ಬುಟ್ಟವ್ರೆ, ಗೆದ್ದಂಗೇ ಆಯ್ತು" ಅಂದ ಅಣ್ಣ.

"ಊಂ ಉಸ್ತಾದ್ರೆ, ಗೆದ್ದಂಗೇ" ಅಂದ ಶಿಷ್ಯ.

ಅಪ್ಪ ಅವರ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿದ. "ನೀ ಹೇಳು ಮಗಾ. ಜೋಡಿ ಯಾರು ಅಂತ ಹೇಳ್ದೆ ಯಾವ ನನ್ಮಗನ್ನಾದ್ರೂ ಅಖಾಡಕ್ಕೆ ಇಳುಸ್ತಾರಾ?"

ಅಣ್ಣ ಕಣ್ಣಲ್ಲೇ ಹೆದರಿಸಿದ. ನಾನು ಹೇಳಿದೆ. ಕ್ಯಾನ್ಸರು ಎಂದು ಹೆಸರು ಹಿಡಿದೇ ಹೇಳಿದೆ. ಮತ್ತೆ ತುಂಬುತ್ತದೆ ಎಂದೂ ಹೇಳಿದೆ.

"ಗೆಲ್ಲಕಾಯ್ತದಾ?"

"ಇಲ್ಲಪ್ಪ."

ಆಮೇಲೆ ಸಿಟ್ಟು ಬಂತು ನೋಡಿ ಅವನಿಗೆ! ಎದ್ದು ಕೂರಲಾರದವನು ಮಂಚದ ಕಂಬಿ ಹಿಡಿದು ಎದ್ದು ಕೂತ. "ನಾನೇನ್ ಹಾಲು ಕುಡಿಯೋ ಮಗೂನೇನ್ರೋ? ನನ್ ಹೊಟ್ಟೆ, ನಂಗೊಂದ್ ಮಾತಿಲ್ಲ! ಬಟ್ಟಿ ಅಂತ ನಗುಸ್ತಾ ಇದ್ರಲ್ಲೋ!" ಎಂದು ಇಬ್ಬರನ್ನೂ ವಾರ್ಡಿನಿಂದ ಅಟ್ಟಿದ. ಅಷ್ಟು ತಿಂಗಳ ನಂತರ ಮೊದಲ ಸಲ ನನಗೆ ನನ್ನ ಅಪ್ಪ ಸಿಕ್ಕಿದ ಎನಿಸಿತು. ಇಬ್ಬರೂ ಅತ್ತೆವು.

ಮನೆಗೆ ಬಂದ ಮೇಲೆ ಅವನಿಗೆ ಸ್ವಲ್ಪ ಚೇತರಿಕೆ ಬಂತು. ಬಿಸಿಲು ಏರಿದ ಮೇಲೆ ಗರಡಿಯ ಜಗಲಿಯಲ್ಲಿ ಕೂರುತ್ತಿದ್ದ. ಬಟ್ಟಿ ಎತ್ತಿಸಿಕೊಳ್ಳಲು ಬಂದವರಿಗೆ ಅಂಗಿ ಎತ್ತಿ ಎದೆಯಿಂದ ಕೆಳಗಿನವರೆಗೂ ಇಳಿದಿದ್ದ ಹೊಲಿಗೆ ತೋರಿಸುತ್ತಿದ್ದ. "ನಂದೂ ಬಟ್ಟಿ ಅಂತ್ಲೇ ಅಂದ್ಕಂಡಿದ್ದೆ. ಕ್ಯಾನ್ಸರ್ ಕಣಪ್ಪ ಇದು. ಆಸ್ಪತ್ರೆಗೆ ಹೋಗು" ಅನ್ನುತ್ತಿದ್ದ. ಆ ಹೆಸರು ಕೇಳಿದರೆ ಜನ ಅಂಟುರೋಗದವನನ್ನು ಕಂಡಂತೆ ಜಗಲಿಯಿಂದ ಎದ್ದು ಹೋಗುತ್ತಿದ್ದರು. ಹಿರಿಯ ಶಿಷ್ಯನ ಎರಡು ಕೈಯನ್ನೂ ಹಿಡಿದುಕೊಂಡು, ಇನ್ನು ಯಾರ ಹೊಟ್ಟೆಯನ್ನೂ ಮುಟ್ಟಬೇಡ ಎಂದು ನನ್ನ ಎದುರಿಗೇ ಹೇಳಿದ. ಅವನು "ಆಯ್ತು ಉಸ್ತಾದ್ರೆ" ಅಂದ. ಹೊಟ್ಟೆ ಮತ್ತೆ ತುಂಬಿಕೊಂಡು, ಮುಂದಿನ ಬೇಸಿಗೆಗೆ ಅಪ್ಪ ಹೋದ.

ತಿಥಿಯ ಊಟಕ್ಕೆ ಕೂತ ಪಂಕ್ತಿಯಲ್ಲೇ ಮಾತು ಎದ್ದಿತು. ಕಬ್ಬಿಣ ತಾಗಿಸಿದ್ದಕ್ಕೇ ಸತ್ತರು. ಹೆಣ್ಣು ಗರಡಿ ತುಳಿದಿದ್ದಕ್ಕೇ ಸತ್ತರು. ಹೆಸರು ಹೇಳಿ ಎದೆ ಒಡೆಸಿದಳು ಮಗಳು. ನಾನು ಕೈಯಲ್ಲಿ ಅನ್ನದ ಬುಟ್ಟಿ ಹಿಡಿದುಕೊಂಡು ಬಡಿಸುತ್ತಲೇ ಕೇಳಿಸಿಕೊಂಡೆ. ಉಪ್ಪು ತಿಂದ ಮನೆ ಎಂಬ ಗ್ಯಾನವೂ ಇರಲಿಲ್ಲ ಅವರಿಗೆ.

ಅದಾಗಿ ಸ್ವಲ್ಪ ದಿನಕ್ಕೆ ಸ್ಕೂಲಿಗೆ ಹೋಗುತ್ತಿದ್ದೆ. ಗರಡಿಯ ಜಗಲಿಯ ಮುಂದೆ ಗಾಡಿ ನಿಂತಿತ್ತು. ಬಾಗಿಲಲ್ಲಿ ಬಗ್ಗಿ ನೋಡಿದೆ. ನಮ್ಮಪ್ಪನ ವಯಸ್ಸಿನ ಒಬ್ಬ ರೈತ ಅಂಗಾತ ಮಲಗಿದ್ದ. ಹಿರಿಯ ಶಿಷ್ಯ ಬಟ್ಟಲಿಗೆ ಹರಳೆಣ್ಣೆ ಬಗ್ಗಿಸುತ್ತಿದ್ದ.

"ಏನೋ ಅದು?" ಅಂದೆ.

"ಬಟ್ಟಿ ಕಣಕ್ಕ."

"ಬಟ್ಟಿ ಅಂತ ನಿಂಗೆ ಎಂಗೆ ಗೊತ್ತು?"

ಅವನು ತಲೆ ಎತ್ತಲಿಲ್ಲ. "ಉಸ್ತಾದ್ರೇ ಕಲ್ಸಿದ್ದಲ್ವಾ" ಅಂದ.

"ಬ್ಯಾಡ ಅಂದಿದ್ದೂ ಅವ್ರೇ."

"ಅದು ಕಾಯಿಲೆ ಬಿದ್ದವ್ರ ಮಾತು ಬುಡಿ" ಅಂದ. ಮಲಗಿದ್ದ ಮನುಷ್ಯ ನನ್ನ ಕಡೆ ಮುಖ ಸಿಂಡರಿಸಿ, "ಬಿರ್ನೆ ಎತ್ತಪ್ಪ, ನೋವು ತಡೀನಾರೆ" ಅಂದ.

ನಾನು ಒಳಗೆ ಹೋಗಿ ಬಟ್ಟಲನ್ನು ಒದ್ದೆ. ಎಣ್ಣೆ ಕೆಮ್ಮಣ್ಣಿಗೆ ಇಂಗಿತು. ಯಾರು ಏನೆಂದು ಬೈದರೋ ನಾನು ಕೇಳಿಸಿಕೊಳ್ಳಲಿಲ್ಲ. "ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಬನ್ನಿ ಯಜಮಾನ್ರೆ" ಎಂದು ಆ ಮನುಷ್ಯನನ್ನು ಬೇಡಿಕೊಂಡೆ. ಅವನು ನನಗೆ ಶಾಪ ಹಾಕುತ್ತ ಪಂಚೆ ಬಿಗಿದುಕೊಂಡು ಎದ್ದ. ಹೊಟ್ಟೆ ಹಿಡಿದುಕೊಂಡು ಗಾಡಿ ಹತ್ತಿದ. ನಮ್ಮ ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿದರೆ ಆಸ್ಪತ್ರೆ, ಬಲಕ್ಕೆ ತಿರುಗಿದರೆ ಇನ್ನೊಂದು ಗರಡಿ. ಗಾಡಿ ಬಲಕ್ಕೆ ತಿರುಗಿತು.